ಬ್ರೆಕ್ಸಿಟ್ ಜಗಳ: ಬಿಡಬೇಕು ಅಂದರು ಸರಿ, ಬಿಟ್ಟು ಎಲ್ಲಿಗೆ ಅಂತ ಕೇಳಿದವರು ಯಾರು?

ಥೇಮ್ಸ್‌ತೀರ

ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟದ್ದು, ಇದರ ಮಾತು ಬಂದರೆ ನಮ್ಮ ಪತ್ರಿಕೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಅಭಿಪ್ರಾಯ. ಬ್ರಿಟನ್ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿತು ಅನ್ನುವುದು ಒಂದು. ತಮ್ಮ ದೇಶವನ್ನು ತಾವೇ ಆಳಿಕೊಳ್ಳುತ್ತೇವೆ ಅಂದರೆ ತಪ್ಪೇನು ಅನ್ನುವುದು ಇನ್ನೊಂದು. ಜನಮತಗಣನೆ ನಡೆದಾಗ ನಾನು ಲಂಡನ್ನಿನಲ್ಲೇ ಇದ್ದೆ, ಈಗಲೂ ಇದ್ದೇನೆ. ಈ ಎರಡೂ ಮಾತು ಮುಖ್ಯ ವಿಷಯವನ್ನೇ ಬಿಟ್ಟುಬಿಡುತ್ತವೆ ಎಂದು ನನಗೆ ಅನಿಸುತ್ತದೆ.

2016ರ ಜೂನ್ 23ರ ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಬಿಡಬೇಕೋ. ಬಿಡಬೇಕು ಎಂದವರು 1,74,10,742 ಜನ. ಉಳಿಯಬೇಕು ಎಂದವರು 1,61,41,241 ಜನ. ಶೇ 51.9ಕ್ಕೆ ಶೇ 48.1. ಗೆದ್ದದ್ದು ಗೆದ್ದದ್ದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬಿಟ್ಟು ಎಲ್ಲಿಗೆ? ನಾರ್ವೆ ಹಾಗೆ, ಸಾಮಾನು ಕೆಲಸಗಾರರು ತಡೆಯಿಲ್ಲದೆ ಓಡಾಡುವ ಒಕ್ಕೂಟದ ಏಕ ಮಾರುಕಟ್ಟೆಯ ಒಳಗೇ ಇದ್ದು, ದುಡ್ಡು ಕಟ್ಟಿ, ಅವರ ನಿಯಮ ಪಾಲಿಸುವುದೋ? ಟರ್ಕಿ ಹಾಗೆ, ಹೊರಗಿನ ಸಾಮಾನಿಗೆ ಎಲ್ಲರೂ ಒಂದೇ ಸುಂಕ ಹಾಕುವ ಸುಂಕದ ಒಕ್ಕೂಟಕ್ಕೆ ಮಾತ್ರ ಸೇರಿರುವುದೋ? ಕೆನಡಾ ಹಾಗೆ ದೂರ ನಿಂತು ಒಂದು ಒಪ್ಪಂದ ಮಾಡಿಕೊಳ್ಳುವುದೋ? ಯಾವುದೂ ಬೇಡ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಕ್ಕೆ ಇಳಿಯುವುದೋ? ಪ್ರಚಾರದಲ್ಲಿ ಒಬ್ಬೊಬ್ಬ ನಾಯಕ ಒಂದೊಂದು ಹೇಳಿದರು. ಮತದಾರ ತನಗೆ ಬೇಕಾದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗುರುತು ಹಾಕಿದ.

ಅದರ ಫಲ ಗೊತ್ತೇ ಇದೆ. 2019ರ ಜನವರಿ 15ರಂದು ಆಗಿನ ಪ್ರಧಾನಿ ತೆರೇಸಾ ಮೇ ತಂದ ನಿರ್ಗಮನ ಒಪ್ಪಂದ ಸಂಸತ್ತಿನಲ್ಲಿ 432–202ರಲ್ಲಿ ಬಿದ್ದುಹೋಯಿತು. ಬಿಡಬೇಕು ಎಂದವರೂ ಉಳಿಯಬೇಕು ಎಂದವರೂ ಸೇರಿಯೇ ಅದನ್ನು ಸೋಲಿಸಿದರು. ಮಾರ್ಚ್ 27ರಂದು ಸಂಸದರು ಎಂಟು ದಾರಿಗಳನ್ನು ಒಂದೊಂದಾಗಿ ಮತಕ್ಕೆ ಹಾಕಿದರು, ಒಂದಕ್ಕೂ ಬಹುಮತ ಸಿಗಲಿಲ್ಲ. ಮೊಂಡುತನ, ದ್ವೇಷ ಎಂದೆಲ್ಲ ಬರೆದರು. ನನ್ನ ಪ್ರಕಾರ ಅದು 2016ರಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಮೂರು ವರ್ಷದ ಮೇಲೆ ಎದುರು ಬಂದು ನಿಂತದ್ದು.

ಯುಕೆಯಲ್ಲಿ ಇರುವವರು, ಇದ್ದು ಬಂದವರು, ದೂರದಿಂದ ನೋಡಿದವರು, ಎಲ್ಲರೂ ಬರೆಯಿರಿ. ಬಿಡಬೇಕು ಎಂದು ಮತ ಹಾಕಿದ ಕನ್ನಡಿಗರು ಇದ್ದರೆ ಅವರ ಮಾತು ಕೇಳಲು ನನಗೆ ಹೆಚ್ಚು ಆಸೆ.

ಹಳೇ ಲೆಸ್ಟರ್

ನಾನು ಇದ್ದೇನೆ. ಬಿಡಬೇಕು ಎಂದೇ ಮತ ಹಾಕಿದೆ, ಇವತ್ತು ಚುನಾವಣೆ ಇಟ್ಟರೂ ಹಾಗೇ ಹಾಕುತ್ತೇನೆ.

ಧಾರವಾಡದಿಂದ ಬಂದವನು ನಾನು. 1975ರ ಜೂನ್‌ನಲ್ಲಿ ಮೊದಲ ಜನಮತಗಣನೆ ನಡೆದಾಗ ಇಲ್ಲಿದ್ದೆ, ಉಳಿಯೋಣ ಎಂದು ಮತ ಹಾಕಿದ ಶೇ 67ರಲ್ಲಿ ನಾನೂ ಒಬ್ಬ. ಆಗ ಎಲ್ಲರೂ ಅದನ್ನು ಕರೆಯುತ್ತಿದ್ದದ್ದೇ 'ಸಾಮಾನ್ಯ ಮಾರುಕಟ್ಟೆ' ಎಂದು. ವ್ಯಾಪಾರಕ್ಕೆ ಒಳ್ಳೆಯದು, ಬೆಲೆ ಇಳಿಯುತ್ತದೆ ಎಂದರು. ಆಮೇಲೆ 1992ರ ಮಾಸ್ಟ್ರಿಕ್ಟ್ ಒಪ್ಪಂದ ಬಂತು. ಮಾರುಕಟ್ಟೆ ಹೋಗಿ ಒಕ್ಕೂಟವಾಯಿತು, ಪೌರತ್ವ ಬಂತು, ನಾಣ್ಯದ ಮಾತು ಬಂತು. ನಮ್ಮನ್ನು ಯಾರಾದರೂ ಕೇಳಿದರಾ? ಡೆನ್ಮಾರ್ಕಿನವರನ್ನು ಕೇಳಿದರು, ಫ್ರಾನ್ಸಿನವರನ್ನು ಕೇಳಿದರು. ಬ್ರಿಟನ್ನಿನ ಮತದಾರನಿಗೆ ಮತ್ತೆ ಪ್ರಶ್ನೆ ಬಂದದ್ದು 41 ವರ್ಷ ಆದ ಮೇಲೆ. ಪ್ರಶ್ನೆ ಸರಿಯಾಗಿರಲಿಲ್ಲ ಎನ್ನುತ್ತೀರಿ. ನನಗೆ ಆ ಪ್ರಶ್ನೆ ಬಂದದ್ದೇ ದೊಡ್ಡದು.

ಎರಡನೆಯದು ಮನೆಯ ವಿಷಯ. ಆಗ ಪೋಲೆಂಡಿನಿಂದ, ರೊಮೇನಿಯಾದಿಂದ ಯಾರು ಬೇಕಾದರೂ ಬಸ್ಸು ಹತ್ತಿ ಬಂದು ಕೆಲಸಕ್ಕೆ ಸೇರಬಹುದಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಬೀದಿಯಲ್ಲೇ ಒಳ್ಳೊಳ್ಳೆಯ ಜನ ಇದ್ದರು. ಆದರೆ ನನ್ನ ಅಕ್ಕನ ಮಗ, ಓದಿದ ಹುಡುಗ, ವೀಸಾಕ್ಕೆ ಅರ್ಜಿ ಮೇಲೆ ಅರ್ಜಿ ಹಾಕಿ ಸೋತ. 2012ರಲ್ಲಿ ಸರ್ಕಾರ ಇನ್ನೊಂದು ನಿಯಮ ತಂತು: ಇಲ್ಲಿಯ ಪ್ರಜೆ ಹೊರದೇಶದ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗನಿಗೆ ಈ ಲೆಕ್ಕ, ಲಿಸ್ಬನ್‌ನಿಂದ ಬಂದವನಿಗೆ ಇರಲಿಲ್ಲ. ಯುರೋಪಿನವರಿಗೂ ಬಾಗಿಲು ಉಳಿದವರಷ್ಟೇ ತೆರೆದಿದ್ದರೆ ನಮಗೂ ಅದು ಇನ್ನು ಸ್ವಲ್ಪ ತೆರೆದೀತು ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ.

ಕಾನೂನು ಕಣ್ಣು

ಲೆಸ್ಟರ್ ಹಿರಿಯರು ಹೇಳಿದ ಅಸಮಾನತೆ ನಿಜ. ಅದಕ್ಕೆ ಇನ್ನೊಂದು ಮುಖವೂ ಇದೆ. 1992ರಲ್ಲಿ ಯುರೋಪಿನ ನ್ಯಾಯಾಲಯ ಸುರಿಂದರ್ ಸಿಂಗ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಆತ ಭಾರತೀಯ, ಹೆಂಡತಿ ಬ್ರಿಟಿಷ್ ಪ್ರಜೆ, ಇಬ್ಬರೂ ಜರ್ಮನಿಯಲ್ಲಿ ಕೆಲಸ ಮಾಡಿ ವಾಪಸ್ ಬಂದವರು. ಬೇರೆ ಸದಸ್ಯ ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವ ಪ್ರಜೆಗೆ ಸಂಗಾತಿಯನ್ನು ಜೊತೆಗೆ ಕರೆತರುವ ಹಕ್ಕು ಒಕ್ಕೂಟದ ಕಾನೂನಿನಿಂದಲೇ ಬರುತ್ತದೆ ಎಂದಿತು ಕೋರ್ಟು. 2012ರ ಆದಾಯದ ನಿಯಮಕ್ಕೆ ಸಿಕ್ಕಿಬಿದ್ದ ಎಷ್ಟೋ ದಂಪತಿಗಳು ಆಮೇಲೆ ಸದಸ್ಯ ದೇಶವಾದ ಐರ್ಲೆಂಡಿಗೆ ಹೋಗಿ ದುಡಿದು ಈ ದಾರಿಯಲ್ಲಿ ಒಳಗೆ ಬಂದರು. ಅಂದರೆ ಗೋಡೆ ಕಟ್ಟಿದ್ದು ಲಂಡನ್, ಕಿಟಕಿ ಇಟ್ಟಿದ್ದು ಲಕ್ಸೆಂಬರ್ಗ್‌ನ ಆ ನ್ಯಾಯಾಲಯ. ಬ್ರೆಕ್ಸಿಟ್ ಆದ ಮೇಲೆ ಆ ಕಿಟಕಿ ಮುಚ್ಚಿತು. ಸಂಗಾತಿ ವೀಸಾದ ಆದಾಯ ಮಿತಿ 2024ರಲ್ಲಿ 29,000 ಪೌಂಡಿಗೆ ಏರಿತು.

ಹಾಗಾಗಿ ಸರ್, ತಪ್ಪು ವಿಳಾಸಕ್ಕೆ ಸಿಟ್ಟು ಹೋಯಿತು ಅನ್ನುವುದು ನನ್ನ ಅಭಿಪ್ರಾಯ. ಭಾರತದ ಹುಡುಗರಿಗೆ ವೀಸಾ ಕೊಡಬೇಡಿ ಎಂದು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಯಾವತ್ತೂ ಹೇಳಿರಲಿಲ್ಲ.

ಹಾಸನದ ಹೈನುಗಾರ

ನಾನು ಲಂಡನ್ ನೋಡಿದವನಲ್ಲ, ಆದರೂ ಒಂದು ಮಾತು. 2019ರಲ್ಲಿ ಆರ್‌ಸಿಇಪಿ ಎಂಬ 16 ದೇಶಗಳ ವ್ಯಾಪಾರ ಒಪ್ಪಂದಕ್ಕೆ ಭಾರತ ಸಹಿ ಹಾಕುತ್ತದೆ ಎಂದಾಗ ನಮ್ಮ ಕಡೆ ಹಾಲು ಹಾಕುವವರೆಲ್ಲ ಗಾಬರಿಯಾಗಿದ್ದೆವು. ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ಡೇರಿಯಲ್ಲಿ ನಮ್ಮ ಲೀಟರಿಗೆ ಏನು ಸಿಗುತ್ತದೆ? ರೈತ ಸಂಘದವರು ಬೀದಿಗಿಳಿದರು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಸೇರುವುದಿಲ್ಲ ಎಂದಿತು. ಉಳಿದ 15 ದೇಶ ಮುಂದಿನ ವರ್ಷ ಸಹಿ ಹಾಕಿಕೊಂಡವು. ಆಗಲೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಅರ್ಥಶಾಸ್ತ್ರಜ್ಞರು ದೇಶಕ್ಕೆ ನಷ್ಟ, ನಷ್ಟ ಎಂದು ಬರೆದರು. ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಲಿಲ್ಲ. ಬ್ರಿಟನ್ನಿನ ಊರುಗಳಲ್ಲಿ ಜನ ಬಿಡಬೇಕು ಎಂದದ್ದು ನನಗೆ ಅರ್ಥವಾಗುತ್ತದೆ. ದೇಶದ ಒಟ್ಟು ಆದಾಯ ಏರುತ್ತದೆ ಎಂದರೆ ನನ್ನ ಕೊಟ್ಟಿಗೆಗೆ ಬಂತು ಅಂತಲ್ಲ.

ಥೇಮ್ಸ್‌ತೀರ

ಹೈನುಗಾರರೇ, ಕೊನೆಯ ಮಾತು ಪೂರ್ತಿ ಒಪ್ಪುತ್ತೇನೆ. ವೇಲ್ಸ್‌ನ ಎಬ್ಬು ವೇಲ್ ಎಂಬ ಊರನ್ನು ನೋಡಿ. ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಆಮೇಲೆ ಒಕ್ಕೂಟದ ದುಡ್ಡಿನಲ್ಲಿ ಅಲ್ಲಿ ರಸ್ತೆ, ರೈಲು, ಕಾಲೇಜು ಎಲ್ಲ ಬಂದವು. ಹೊರದೇಶದಿಂದ ಬಂದವರು ಅಲ್ಲಿ ಬಹಳ ಕಡಿಮೆ. ಆದರೂ ಆ ಕ್ಷೇತ್ರದಲ್ಲಿ ಶೇ 62 ಜನ ಬಿಡಬೇಕು ಎಂದರು. ನಕ್ಷತ್ರಗಳ ಬಾವುಟ ಇರುವ ಫಲಕ ಊರೆಲ್ಲ ಇತ್ತು, ಅಪ್ಪನಿಗೆ ಇದ್ದಂಥ ಕೆಲಸ ಮಗನಿಗೆ ಇರಲಿಲ್ಲ. ಇದನ್ನು ಅಜ್ಞಾನ ಎಂದು ತಳ್ಳಿಹಾಕಿದ ಲಂಡನ್ ಜನರ ಮೇಲೆ ನನಗೆ ಈಗಲೂ ಬೇಸರವಿದೆ.

ಆದರೆ ಆರ್‌ಸಿಇಪಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಂಟು. ನಾವು ಹೊಸ್ತಿಲಲ್ಲೇ ನಿಂತು ಬರುವುದಿಲ್ಲ ಎಂದೆವು. ಬ್ರಿಟನ್ 1973ರಿಂದ 47 ವರ್ಷ ಒಳಗಿತ್ತು. ಔಷಧಿಗೆ ಪರವಾನಗಿ, ವಿಮಾನದ ಹಾರಾಟ, ಮೀನಿನ ಪಾಲು, ಕಾರಿನ ಬಿಡಿಭಾಗ, ಎಲ್ಲವೂ ಒಂದೇ ಕಾನೂನಿನಲ್ಲಿ ಹೆಣೆದುಕೊಂಡಿತ್ತು.

ಅಂಕಿ ಮೇಷ್ಟ್ರು

ಪ್ರಚಾರದ ಅಂಕಿಗಳ ಬಗ್ಗೆ ಎರಡೂ ಕಡೆಯವರಿಗೆ ಹೇಳಬೇಕಾದದ್ದಿದೆ.

ಬಿಡಬೇಕು ಎನ್ನುವವರು ಪ್ರಚಾರದ ಕೆಂಪು ಬಸ್ಸಿನ ಮೇಲೆ, ನಾವು ಒಕ್ಕೂಟಕ್ಕೆ ಕಳಿಸುತ್ತೇವೆ ಎಂದು ಬರೆದಿದ್ದ ವಾರಕ್ಕೆ 35 ಕೋಟಿ ಪೌಂಡ್: ಅಷ್ಟು ಹಣ ಬ್ರಸೆಲ್ಸ್‌ಗೆ ಹೋಗುತ್ತಲೇ ಇರಲಿಲ್ಲ. 1984ರಲ್ಲಿ ಥ್ಯಾಚರ್ ಹಟ ಹಿಡಿದು ತಂದ ರಿಯಾಯಿತಿ ಕಳೆದೇ ಲೆಕ್ಕ ಆಗುತ್ತಿತ್ತು. ಉಳಿದದ್ದು ಸುಮಾರು 25 ಕೋಟಿ, ಅದರಲ್ಲೂ ಒಂದು ಪಾಲು ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ ವಾಪಸ್ ಬರುತ್ತಿತ್ತು. ಈ ಅಂಕಿ ಜನರ ದಾರಿ ತಪ್ಪಿಸುತ್ತದೆ ಎಂದು ದೇಶದ ಅಂಕಿಅಂಶ ಪ್ರಾಧಿಕಾರವೇ ಮತದಾನಕ್ಕೆ ಮುಂಚೆ ಹೇಳಿತು. ಬಸ್ಸು ಮಾತ್ರ ಓಡುತ್ತಲೇ ಇತ್ತು.

ಈಚೆ ಕಡೆ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಏನು ಮಾಡಿದರು? ಬಿಡಬೇಕು ಎಂದು ಮತ ಬಿದ್ದರೆ ಸಾಕು, ತಕ್ಷಣ ಆರ್ಥಿಕ ಹಿಂಜರಿತ, ಸುಮಾರು ಐದು ಲಕ್ಷ ಉದ್ಯೋಗ ನಷ್ಟ ಎಂದು ಖಜಾನೆಯ ವರದಿ ತಂದರು. ಅದು ಆಗಲಿಲ್ಲ, ನಿರುದ್ಯೋಗ ಇಳಿಯಿತು. ಮತದಾನಕ್ಕೆ ಒಂದು ವಾರ ಇದ್ದಾಗ ತುರ್ತು ಬಜೆಟ್ಟಿನ ಬೆದರಿಕೆ ಹಾಕಿದರು, ಅದೂ ಬರಲಿಲ್ಲ. ಹೆದರಿಸಿದ್ದು ಸುಳ್ಳಾಯಿತು ಎಂದು ಜನ ನಿರ್ಧರಿಸಿದ ಮೇಲೆ ನಿಜವಾದ ಎಚ್ಚರಿಕೆಗೂ ಕಿವಿ ಇಲ್ಲದಾಯಿತು. ಉಳಿಯಬೇಕು ಎನ್ನುವ ಪಾಳೆಯ ಮಾಡಿದ ಅತಿ ದೊಡ್ಡ ಹಾನಿ ಇದು. ನಿಜವಾದ ನಷ್ಟ ನಿಧಾನದ್ದು. ಒಕ್ಕೂಟದಲ್ಲಿ ಉಳಿದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಸುಮಾರು ಶೇ 4 ಕಡಿಮೆ ಎಂಬುದು ಸರ್ಕಾರದ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಸಂಸ್ಥೆ ಒಬಿಆರ್ ಅಂದಾಜು. ಇಂಥ ನಷ್ಟ ಯಾವ ಒಂದು ದಿನವೂ ಕಣ್ಣಿಗೆ ಬೀಳುವುದಿಲ್ಲ.

ಕಣ್ಣಿಗೆ ಬಿದ್ದದ್ದು ಪೌಂಡ್. ನೂರು ರೂಪಾಯಿ ಆಸುಪಾಸಿನಲ್ಲಿದ್ದದ್ದು ಆ ಅಕ್ಟೋಬರ್ ಹೊತ್ತಿಗೆ ಎಂಬತ್ತರ ಹತ್ತಿರ ಬಂತು. ಊರಿಗೆ ದುಡ್ಡು ಕಳಿಸುವವರಿಗೆ ಹೊಡೆತ, ಮಕ್ಕಳ ಫೀಸು ಕಟ್ಟುವ ಅಪ್ಪ ಅಮ್ಮಂದಿರಿಗೆ ಸ್ವಲ್ಪ ಉಸಿರು.

ಸರಕು ಲಾರಿ

ನಾನು ಯುಕೆಯಲ್ಲಿ ಆಹಾರ ಸಾಮಾನು ಸಾಗಿಸುವ ಕೆಲಸದಲ್ಲಿದ್ದೇನೆ. ಮೇಷ್ಟ್ರು ಹೇಳಿದ ನಿಧಾನದ ನಷ್ಟ ನಮಗೆ ದಿನಾ ಕಾಣುತ್ತದೆ.

2020ರ ಡಿಸೆಂಬರ್ 24ರಂದು ಒಪ್ಪಂದ ಆಯಿತು, ಸುಂಕ ಇಲ್ಲ ಎಂದು ಟಿವಿಯಲ್ಲಿ ಹೇಳಿದರು. ಸುಂಕ ಇಲ್ಲ ಸರಿ. ಆದರೆ ಜನವರಿ 1ರಿಂದ ಬ್ರಿಟನ್ನಿನಿಂದ ಫ್ರಾನ್ಸಿಗೆ ಒಂದು ಪೆಟ್ಟಿಗೆ ಚೀಸ್ ಹೋಗಬೇಕಾದರೂ ಪಶುವೈದ್ಯರು ನೋಡಿ ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬೇಕು, ಅದು ಹೋಗುವ ದೇಶದ ಭಾಷೆಯಲ್ಲೂ ಇರಬೇಕು. ನಮ್ಮದು ಹಲವು ವ್ಯಾಪಾರಿಗಳ ಸಾಮಾನು ಒಂದೇ ಲಾರಿಯಲ್ಲಿ ಹೋಗುವ ಲೋಡು. ಒಬ್ಬರ ಕಾಗದದಲ್ಲಿ ಒಂದು ಸಂಖ್ಯೆ ತಪ್ಪಿದರೆ ಇಡೀ ಲಾರಿ ಬಂದರಿನಲ್ಲಿ ನಿಲ್ಲುತ್ತದೆ, ಉಳಿದವರ ಸಾಮಾನೂ ನಿಲ್ಲುತ್ತದೆ. ದೊಡ್ಡ ಕಂಪನಿ ಇದಕ್ಕೆಂದೇ ನಾಲ್ಕು ಜನ ಗುಮಾಸ್ತರನ್ನು ಇಟ್ಟುಕೊಂಡಿತು. ಸಣ್ಣವರು ಯುರೋಪಿಗೆ ಕಳಿಸುವುದನ್ನೇ ಬಿಟ್ಟರು. ಆ ಜನವರಿಯಲ್ಲಿ ಸ್ಕಾಟ್ಲೆಂಡಿನ ಸೀಗಡಿ, ಏಡಿ ವ್ಯಾಪಾರಿಗಳು ಲಾರಿಗಳನ್ನು ತಂದು ಲಂಡನ್ನಿನ ಸರ್ಕಾರಿ ಕಚೇರಿಗಳ ಮುಂದೆ ನಿಲ್ಲಿಸಿದ್ದು ನೆನಪಿರಬಹುದು.

ನಮ್ಮ ಜನರಿಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಡಬ್ಲಿನ್ನಿನ ಇಂಡಿಯನ್ ಅಂಗಡಿಗೆ ಸಾಮಾನು ಇಂಗ್ಲೆಂಡಿನ ಗೋದಾಮಿನಿಂದ ಹೋಗುವ ರೂಢಿ. ಭಾರತದಲ್ಲಿ ತಯಾರಾದ ಸಾಮಾನು ಇಂಗ್ಲೆಂಡಿಗೆ ಬಂದು ಸುಂಕ ಕಟ್ಟಿ, ಮತ್ತೆ ಐರ್ಲೆಂಡಿಗೆ ಹೋದರೆ ಅದು ಬ್ರಿಟನ್ನಿನಲ್ಲಿ ತಯಾರಾದದ್ದಲ್ಲ. ಹಾಗಾಗಿ ಸುಂಕರಹಿತ ಒಪ್ಪಂದ ಅದಕ್ಕೆ ಅನ್ವಯಿಸುವುದಿಲ್ಲ, ಅಲ್ಲಿ ಇನ್ನೊಮ್ಮೆ ಸುಂಕ ಬೀಳಬಹುದು. ಚಕ್ಕುಲಿ ಪೊಟ್ಟಣದ ಮೂಲ ಯಾವ ದೇಶ ಎಂದು 2020ರ ತನಕ ಯಾರೂ ಕೇಳಿರಲಿಲ್ಲ.

ಸ್ವಿಂಡನ್ ಕೊಂಕಣಿ

ಮತ ಯಾರಿಗೆ ಇತ್ತು ಎಂಬುದನ್ನು ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನದು ಕಾರವಾರ. ಆಗ ಕೆಲಸದ ವೀಸಾದಲ್ಲಿ ಇದ್ದೆ, ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವನು ಎಂಬ ಕಾರಣಕ್ಕೆ ನನಗೆ ಮತವಿತ್ತು. ಪಕ್ಕದ ಮನೆಯ ಗೋವಾದ ಕುಟುಂಬದ ಹತ್ತಿರ ಪೋರ್ಚುಗೀಸ್ ಪಾಸ್‌ಪೋರ್ಟ್. 1961ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಅದು ಸಿಗುತ್ತದೆ, ಸ್ವಿಂಡನ್‌ನಲ್ಲಿ ಅಂಥವರು ಸಾವಿರಾರು. ಅವರು ಐರೋಪ್ಯ ಪ್ರಜೆಗಳು, ನನಗಿಂತ ಎಷ್ಟೋ ವರ್ಷ ಮುಂಚೆ ಬಂದವರು, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಿದ್ದರು. ಅವರ ಬದುಕೇ ಪಣಕ್ಕಿದ್ದ ಮತದಾನದಲ್ಲಿ ಅವರಿಗೆ ಮತವಿರಲಿಲ್ಲ. ಇಬ್ಬರ ಮನೆಯಲ್ಲೂ ಅದೇ ಕೊಂಕಣಿ, ಅದೇ ಮೀನು ಸಾರು.

ನಾನು ಉಳಿಯಬೇಕು ಎಂದು ಹಾಕಿದೆ. ನಮ್ಮ ಊರು ಶೇ 54ಕ್ಕಿಂತ ಹೆಚ್ಚು ಮತದಿಂದ ಬಿಡಬೇಕು ಎಂದಿತು. ಆಮೇಲೆ ಇಲ್ಲೇ ಉಳಿಯುವ ಹಕ್ಕಿಗಾಗಿ 2021ರ ಜೂನ್ 30ರ ಗಡುವಿನೊಳಗೆ ಆ ಮನೆಯ ಅಜ್ಜಿಗೂ ಅರ್ಜಿ ಹಾಕಬೇಕಾಯಿತು. ಫೋನಿನಲ್ಲಿ ಮುಖದ ಫೋಟೋ ತೆಗೆದು, ಪಾಸ್‌ಪೋರ್ಟ್ ಮೇಲೆ ಫೋನ್ ಇಟ್ಟು ಓದಿಸಿ, ಎಲ್ಲ ನಾನೇ ಮಾಡಿಕೊಟ್ಟೆ. ಕೈಗೆ ಕಾರ್ಡೂ ಕೊಡಲಿಲ್ಲ, ಎಲ್ಲ ಆನ್‌ಲೈನ್. ಕಾಗದ ಎಲ್ಲಿ ಎಂದು ಅಜ್ಜಿ ಕೇಳುತ್ತಲೇ ಇದ್ದರು.

ಹಳೇ ಲೆಸ್ಟರ್

ಸ್ವಿಂಡನ್ ತಮ್ಮ ಬರೆದದ್ದು ಓದಿ ಮನಸ್ಸಿಗೆ ಕಷ್ಟವಾಯಿತು. ಇಲ್ಲಿ ನೆಲೆಸಿದವರ ಹಕ್ಕನ್ನು ಮರುದಿನವೇ ಖಾತ್ರಿ ಮಾಡಬೇಕಿತ್ತು, ಅವರನ್ನು ಮಾತುಕತೆಯ ದಾಳ ಮಾಡಿಕೊಂಡದ್ದು ಅನ್ಯಾಯ. ಅದನ್ನು ಆಗಲೂ ಹೇಳಿದ್ದೆ.

ಆದರೆ ಕಾನೂನು ಕಣ್ಣು ಅವರಿಗೆ ಉತ್ತರ. ಸಿಟ್ಟು ತಪ್ಪು ವಿಳಾಸಕ್ಕೆ ಹೋಗಲಿಲ್ಲ. ಮೊದಲೆಲ್ಲ ಸಂಸದರನ್ನು ಕೇಳಿದರೆ ಇದು ಬ್ರಸೆಲ್ಸ್ ಕೈಯಲ್ಲಿದೆ ಎನ್ನುತ್ತಿದ್ದರು. ಅರ್ಧ ನಿಜ, ಅರ್ಧ ನೆಪ. ಈಗ ಆ ನೆಪ ಇಲ್ಲ. 2021ರ ಅಂಕ ಆಧಾರಿತ ವೀಸಾ ವ್ಯವಸ್ಥೆಯಲ್ಲಿ ಬೆಂಗಳೂರಿನವನಿಗೂ ಬರ್ಲಿನ್ನಿನವನಿಗೂ ಒಂದೇ ನಿಯಮ. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡುವ ವೀಸಾ 2012ರಲ್ಲಿ ಹೋಗಿತ್ತು, 2021ರಲ್ಲಿ ಮತ್ತೆ ಬಂತು. ಆಸ್ಪತ್ರೆಗಳಲ್ಲಿ ಎಷ್ಟು ಜನ ಭಾರತದ ನರ್ಸ್‌ಗಳು ಬಂದರು ನೋಡಿ. ಭಾರತದ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಒಕ್ಕೂಟದ ಒಳಗಿದ್ದರೆ ಲಂಡನ್ ಇಂಥ ಒಪ್ಪಂದವನ್ನು ತಾನಾಗಿ ಮಾಡಿಕೊಳ್ಳಲು ಸಾಧ್ಯವೇ ಇರಲಿಲ್ಲ. ನಮ್ಮ ಐಟಿ ಹುಡುಗರು ಸ್ವಲ್ಪ ಕಾಲಕ್ಕೆ ಬಂದರೆ ಎರಡೂ ಕಡೆ ಸಾಮಾಜಿಕ ಭದ್ರತೆಯ ಹಣ ಕಟ್ಟಬೇಕಿಲ್ಲ ಎಂಬ ಮಾತೂ ಅದರ ಜೊತೆಗೇ ಆಯಿತು. ಇದು ಸಣ್ಣದಲ್ಲ.

ಕಾನೂನು ಕಣ್ಣು

ಒಪ್ಪಂದದ ಮಾತು ಸರಿ, ಅದಕ್ಕೆ ಬ್ರೆಕ್ಸಿಟ್ ಬೇಕಿತ್ತು. ಓದಿನ ನಂತರದ ವೀಸಾ ತೆಗೆದದ್ದೂ ವಾಪಸ್ ತಂದದ್ದೂ ಲಂಡನ್ನೇ, ಅದಕ್ಕೆ ಬೇಕಿರಲಿಲ್ಲ. ನರ್ಸ್‌ಗಳದ್ದೂ ಹಾಗೇ.

ಕರಿ ರೆಸ್ಟೋರೆಂಟಿನವರ ಕಥೆ ಮರೆಯಬಾರದು. 2016ರಲ್ಲಿ ಅಡುಗೆಯವರು ಸಿಗದೆ ಅವರು ಕಂಗಾಲಾಗಿದ್ದರು. ಬಿಟ್ಟರೆ ದಕ್ಷಿಣ ಏಷ್ಯಾದಿಂದ ಬಾಣಸಿಗರನ್ನು ಕರೆಸಿಕೊಳ್ಳುವುದು ಸುಲಭವಾಗುತ್ತದೆ ಎಂದು ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಈ ರೆಸ್ಟೋರೆಂಟಿನವರಿಗೆ ಹೇಳಿದರು, ಅವರಲ್ಲಿ ಬಹಳ ಮಂದಿ ನಂಬಿದರು. 2024ರ ಏಪ್ರಿಲ್‌ನಲ್ಲಿ ಕುಶಲ ಕೆಲಸದ ವೀಸಾಕ್ಕೆ ಸಂಬಳದ ಮಿತಿ 38,700 ಪೌಂಡಿಗೆ ಏರಿತು. ಬೀದಿ ಮೂಲೆಯ ರೆಸ್ಟೋರೆಂಟ್ ಅಷ್ಟು ಸಂಬಳ ಎಲ್ಲಿಂದ ಕೊಡುತ್ತದೆ? ಥೇಮ್ಸ್‌ತೀರ ಕೇಳಿದ್ದು ಇದನ್ನೇ. ಕರಿ ಅಂಗಡಿಯವರ ಬ್ರೆಕ್ಸಿಟ್‌ನಲ್ಲಿ ಹೊರಗಿನವರು ಹೆಚ್ಚು ಬರಬೇಕಿತ್ತು. ಲಿಂಕನ್‌ಶೈರ್‌ನ ಬಾಸ್ಟನ್‌ನಲ್ಲಿ ಶೇ 75 ದಾಟಿ ಬಿಡಬೇಕು ಎಂದವರ ಬ್ರೆಕ್ಸಿಟ್‌ನಲ್ಲಿ ಕಡಿಮೆ ಬರಬೇಕಿತ್ತು. ಎರಡೂ ಮತ ಒಂದೇ ಪೆಟ್ಟಿಗೆಯಲ್ಲಿ ಒಂದೇ ರಾಶಿಗೆ ಬಿತ್ತು.

ಬೆಲ್‌ಫಾಸ್ಟ್ ನರ್ಸ್

ಎಲ್ಲರೂ ಇಂಗ್ಲೆಂಡಿನ ಮಾತೇ ಆಡುತ್ತಿದ್ದೀರಿ. ಇಲ್ಲಿ ಉತ್ತರ ಐರ್ಲೆಂಡಿನಲ್ಲಿ ಶೇ 55.8 ಜನ ಉಳಿಯಬೇಕು ಎಂದಿದ್ದರು.

ನಮ್ಮ ಕಡೆಯ ನ್ಯೂರಿ ದಾಟಿ, ಒಕ್ಕೂಟದಲ್ಲೇ ಇರುವ ಐರ್ಲೆಂಡ್ ದೇಶದ ಡಂಡಾಕ್ ಕಡೆ ಕಾರಿನಲ್ಲಿ ಹೋದರೆ ಗಡಿ ಎಲ್ಲಿ ಬಂತು ಎಂದೇ ತಿಳಿಯುವುದಿಲ್ಲ. ವೇಗದ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾಗುತ್ತದೆ, ರಸ್ತೆ ಅಂಚಿನ ಗೆರೆ ಹಳದಿಯಾಗುತ್ತದೆ, ಅಷ್ಟೇ. ಹಿಂದೆ ಅಲ್ಲಿ ಸೈನ್ಯದ ಕಾವಲು ಗೋಪುರಗಳಿದ್ದವು. ಬ್ರಿಟನ್ ಜೊತೆ ಇರಬೇಕು ಎನ್ನುವವರಿಗೂ ಐರ್ಲೆಂಡ್ ಜೊತೆ ಸೇರಬೇಕು ಎನ್ನುವವರಿಗೂ ನಡುವಿನ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಮೇಲೆ, 1998ರ ಏಪ್ರಿಲ್ 10ರಂದು ಶುಭ ಶುಕ್ರವಾರದ ಒಪ್ಪಂದ ಆಯಿತು. ನನ್ನ ವಾರ್ಡಿನಲ್ಲಿ ಆ ಕಾಲದ ಗಾಯಗಳನ್ನು ಮೈಮೇಲೆ ಹೊತ್ತ ರೋಗಿಗಳು ಇದ್ದಾರೆ. ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ಬರುತ್ತದಂತೆ ಎಂದು 2019ರಲ್ಲಿ ಅವರು ಮಾತಾಡುತ್ತಿದ್ದ ದನಿಯಲ್ಲಿ ರಾಜಕೀಯ ಇರಲಿಲ್ಲ, ಭಯ ಇತ್ತು.

ಸಿಕ್ಕು ಇರುವುದು ಇಲ್ಲಿ. ಬ್ರಿಟನ್ ಏಕ ಮಾರುಕಟ್ಟೆ ಬಿಡಬೇಕು, ಐರ್ಲೆಂಡ್ ದ್ವೀಪದ ಮಧ್ಯೆ ಗಡಿ ಬರಬಾರದು, ಬ್ರಿಟನ್ನಿಗೂ ಉತ್ತರ ಐರ್ಲೆಂಡಿಗೂ ನಡುವೆಯೂ ತಪಾಸಣೆ ಇರಬಾರದು. ಈ ಮೂರರಲ್ಲಿ ಎರಡು ಸಾಧ್ಯ, ಮೂರೂ ಸಾಧ್ಯವಿಲ್ಲ. ಬೋರಿಸ್ ಜಾನ್ಸನ್ ತಪಾಸಣೆಯನ್ನು ಸಮುದ್ರಕ್ಕೆ ತಂದರು. ಅದನ್ನು ವಿರೋಧಿಸಿ, ಬ್ರಿಟನ್ ಪರ ಪಕ್ಷವಾದ ಡಿಯುಪಿ 2022ರ ಫೆಬ್ರವರಿಯಿಂದ ಎರಡು ವರ್ಷ ಇಲ್ಲಿಯ ಸರ್ಕಾರವನ್ನೇ ನಡೆಯಲು ಬಿಡಲಿಲ್ಲ. ಅದರಲ್ಲಿ ಬಹುಪಾಲು ಕಾಲ ಆಸ್ಪತ್ರೆಯ ದೊಡ್ಡ ನಿರ್ಧಾರ ತೆಗೆದುಕೊಳ್ಳಲು ಮಂತ್ರಿಯೇ ಇಲ್ಲ ಅನ್ನುವ ಸ್ಥಿತಿ. 2023ರ ಫೆಬ್ರವರಿಯಲ್ಲಿ ಆಗಿನ ಪ್ರಧಾನಿ ರಿಷಿ ಸುನಕ್ ಒಕ್ಕೂಟದ ಜೊತೆ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದ ತಂದು ಆ ತಪಾಸಣೆಯನ್ನು ಸ್ವಲ್ಪ ಸಡಿಲ ಮಾಡಿದರು. 2016ರಲ್ಲಿ ಬಿಡಬೇಕು ಎಂದಿದ್ದವರೇ ಅವರು. ನಮ್ಮ ಹುಬ್ಬಳ್ಳಿಯ ಅಳಿಯ ಎಂದು ಇಲ್ಲಿಯ ಕನ್ನಡದವರಿಗೆಲ್ಲ ಅಭಿಮಾನ, ನನಗೆ ಅವರು ಮಾಡಿದ ಕೆಲಸಗಳಲ್ಲಿ ಒಳ್ಳೆಯದು ಅಂದರೆ ಇದೇ. ಈಗ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಕ್ಯಾನ್ ಮೇಲೂ 'ಐರೋಪ್ಯ ಒಕ್ಕೂಟಕ್ಕಲ್ಲ' ಎಂಬ ಮುದ್ರೆ ಇರುತ್ತದೆ.

ಹಾಸನದ ಹೈನುಗಾರ

ಮೇಡಂ, ಹಾಗಾದರೆ ನಿಮ್ಮ ಕಡೆ ಇದು ಮುಗಿದ ಹಾಗೆಯೋ?

ಬೆಲ್‌ಫಾಸ್ಟ್ ನರ್ಸ್

ಇಲ್ಲ. ಈ ವ್ಯವಸ್ಥೆ ಮುಂದುವರಿಯಬೇಕೇ ಎಂದು ಇಲ್ಲಿಯ ವಿಧಾನಸಭೆ ಆಗಾಗ ಮತ ಹಾಕಬೇಕು. 2024ರ ಡಿಸೆಂಬರ್ 10ರಂದು 48–36ರಲ್ಲಿ ಮುಂದುವರಿಯಲಿ ಎಂದಿತು. ಬ್ರಿಟನ್ ಜೊತೆ ಇರಬೇಕು ಎನ್ನುವ ಯೂನಿಯನಿಸ್ಟ್ ಸಮುದಾಯದ ಬೆಂಬಲ ಸಿಗಲಿಲ್ಲ. ಎರಡೂ ಸಮುದಾಯ ಒಪ್ಪಿದ್ದರೆ ಎಂಟು ವರ್ಷ ಬಿಟ್ಟು ಕೇಳಬಹುದಿತ್ತು, ಒಪ್ಪದ ಕಾರಣ ನಾಲ್ಕೇ ವರ್ಷಕ್ಕೆ, ಅಂದರೆ 2028ರಲ್ಲಿ, ಮತ್ತೆ ಕೇಳಬೇಕು. 2027ರ ಚುನಾವಣೆಯಲ್ಲಿ ಗೆದ್ದವರು ಆ ಮತ ಹಾಕುವವರು. ಭಾರತದ ಪಾಸ್‌ಪೋರ್ಟಿನಲ್ಲೇ ನನಗೂ ಇಲ್ಲಿ ಓಟು ಇದೆ. ಮತ ಕೇಳಲು ಮನೆಗೆ ಬಂದವರನ್ನು ಸಮುದ್ರದ ತಪಾಸಣೆ ಬೇಡ ಅನ್ನುತ್ತೀರಾದರೆ ಅದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಬೇಕೆಂದಿದ್ದೇನೆ.